ಹೆಣ್ಣುಬೆಕ್ಕೂ ಗೋಡೆಗೆ ಸ್ಪ್ರೇ ಮಾಡುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಗಂಡುಬೆಕ್ಕು ಬಾಗಿಲಿಗೆ ಬೆನ್ನು ಕೊಟ್ಟು ಉಚ್ಚೆ ಚಿಮ್ಮಿಸಿದರೆ ಯಾರೂ ಹುಬ್ಬೇರಿಸುವುದಿಲ್ಲ. ಅದೇ ಕೆಲಸವನ್ನು ಹೆಣ್ಣುಬೆಕ್ಕು, ಅದೂ ಸಂತಾನಹರಣದ ಆಪರೇಷನ್ ಆಗಿ ವರ್ಷಗಳೇ ಕಳೆದ ಬೆಕ್ಕು ಮಾಡಿದಾಗ ಮಾತ್ರ ಮನೆಮಂದಿ ತಬ್ಬಿಬ್ಬಾಗುತ್ತಾರೆ. ನಮ್ಮ ಮನೆಯಲ್ಲೂ ಹಾಗೇ ಆಯಿತು. ಆಗ ಓದಿದ್ದು, ಪಶುವೈದ್ಯರನ್ನು ಕೇಳಿ ತಿಳಿದದ್ದು, ಮೂಗು ಮುಚ್ಚಿಕೊಂಡು ಕಲಿತದ್ದು ಎಲ್ಲ ಸೇರಿ ಈ ಪ್ರಶ್ನೋತ್ತರವಾಗಿದೆ.

ಹೆಣ್ಣುಬೆಕ್ಕು ನಿಜವಾಗಿಯೂ ಸ್ಪ್ರೇ ಮಾಡುತ್ತದೆಯೇ? ಅದು ಗಂಡಿನ ಚಾಳಿ ಅಲ್ಲವೇ?

ಮಾಡುತ್ತದೆ. ಆಪರೇಷನ್ ಆಗದ ಗಂಡುಗಳಲ್ಲಿ ಇದು ತೀರಾ ಸಾಮಾನ್ಯ, ಹಾಗಾಗಿ ಅವುಗಳ ಹೆಸರೇ ಕೆಟ್ಟಿದೆ. ಆಪರೇಷನ್ ಆಗದ ಹೆಣ್ಣುಗಳು ಮುಖ್ಯವಾಗಿ ಬೆದೆಗೆ ಬಂದಾಗ ಸ್ಪ್ರೇ ಮಾಡುತ್ತವೆ. ಆಪರೇಷನ್ ಆದವುಗಳಲ್ಲೂ ಈ ಅಭ್ಯಾಸ ಪೂರ್ತಿ ಅಳಿಯುವುದಿಲ್ಲ. 1984ರಲ್ಲಿ ಪ್ರಕಟವಾದ, ಇಂದಿಗೂ ಪಶುವೈದ್ಯರು ಉಲ್ಲೇಖಿಸುವ ಅಧ್ಯಯನವೊಂದರ ಪ್ರಕಾರ, ಚಿಕ್ಕಂದಿನಲ್ಲೇ ಆಪರೇಷನ್ ಆದ ಗಂಡುಗಳಲ್ಲಿ ಸುಮಾರು ಶೇ. 10, ಹೆಣ್ಣುಗಳಲ್ಲಿ ಸುಮಾರು ಶೇ. 5 ದೊಡ್ಡವಾದ ಮೇಲೆ ಆಗಾಗ ಸ್ಪ್ರೇ ಮಾಡುತ್ತವೆ. ಇಪ್ಪತ್ತು ಹೆಣ್ಣುಬೆಕ್ಕುಗಳಲ್ಲಿ ಒಂದು ಎಂದರೆ ಅಪರೂಪವೇನಲ್ಲ. ಆ ಒಂದು ನಿಮ್ಮ ಮನೆಯದಾದರೆ ಲೆಕ್ಕಾಚಾರದಿಂದ ಸಮಾಧಾನವೂ ಸಿಗದು, ಆ ಮಾತು ಬೇರೆ.

ಅದು ಸ್ಪ್ರೇ ಮಾಡುತ್ತಿದೆಯೋ, ಸಿಕ್ಕಲ್ಲಿ ಉಚ್ಚೆ ಹೊಯ್ಯುತ್ತಿದೆಯೋ ಹೇಗೆ ಗೊತ್ತಾಗುತ್ತದೆ?

ಎಲ್ಲಕ್ಕಿಂತ ಮೊದಲು ಬಿಡಿಸಿಕೊಳ್ಳಬೇಕಾದ ಗಂಟು ಇದು. ಇಲ್ಲಿ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಉಚ್ಚೆ ಹೊಯ್ಯುವ ಬೆಕ್ಕು ಕೂರುತ್ತದೆ, ಸ್ಪ್ರೇ ಮಾಡುವ ಬೆಕ್ಕು ನಿಂತೇ ಇರುತ್ತದೆ.

ನಮ್ಮ ಮಿಂಚು ಮಾಡುತ್ತಿದ್ದುದನ್ನು ನೋಡಿದ ಹಾಗೆಯೇ ಹೇಳುತ್ತೇನೆ. ಮೊದಲು ಪರದೆಯ ಅಂಚನ್ನು ಹತ್ತಿರದಿಂದ ಮೂಸುತ್ತಾಳೆ. ಬಾಯಿ ಅರ್ಧ ತೆರೆದು, ಮೇಲ್ದುಟಿ ಎತ್ತಿ, ಏನೋ ಕೆಟ್ಟ ಸುದ್ದಿ ಕೇಳಿದವಳಂತೆ ಒಂದು ಕ್ಷಣ ಸುಮ್ಮನೆ ನಿಲ್ಲುತ್ತಾಳೆ. ಆಮೇಲೆ ತಿರುಗಿ ಪರದೆಗೆ ಬೆನ್ನು ಕೊಡುತ್ತಾಳೆ. ಬಾಲ ಕಡ್ಡಿಯಂತೆ ನೆಟ್ಟಗಾಗುತ್ತದೆ, ಅದರ ತುದಿ ಸಣ್ಣಗೆ ನಡುಗುತ್ತದೆ. ಹಿಂಗಾಲುಗಳನ್ನು ಎರಡು ಮೂರು ಸಲ ಇದ್ದಲ್ಲೇ ತುಳಿಯುತ್ತಾಳೆ, ಕಣ್ಣು ಅರ್ಧ ಮುಚ್ಚಿರುತ್ತದೆ. ಒಂದೇ ಕ್ಷಣ, ಅಷ್ಟೇ. ಹಿಂತಿರುಗಿ ನೋಡದೆ, ಮಣ್ಣು ಕೆರೆದು ಮುಚ್ಚುವ ಗೋಜಿಗೂ ಹೋಗದೆ ನಡೆದುಬಿಡುತ್ತಾಳೆ.

ಬೆಕ್ಕನ್ನು ನೋಡಿರದಿದ್ದರೆ ಕಲೆಯನ್ನು ನೋಡಿ. ಸ್ಪ್ರೇ ಆದರೆ ಬೆಕ್ಕಿನ ಮೂಗಿನ ಎತ್ತರದಲ್ಲಿ, ಗೋಡೆ, ಪರದೆ, ಬಾಗಿಲ ಚೌಕಟ್ಟು, ಸೋಫಾದ ಬದಿಯಂಥ ನೆಟ್ಟಗಿನ ಜಾಗದಲ್ಲಿ ಚಿಮ್ಮಿದ ಗುರುತಿದ್ದು, ಅಲ್ಲಿಂದ ಕೆಳಗೆ ಗೆರೆಗೆರೆಯಾಗಿ ಇಳಿದಿರುತ್ತದೆ. ಪ್ರಮಾಣ ಕಡಿಮೆ. ಇನ್ನೊಂದು ದೊಡ್ಡ ಸುಳಿವು, ಬೆಕ್ಕು ಮಲಮೂತ್ರ ಮಾಡಲೆಂದು ಲಿಟರ್ ಎಂಬ ಮರಳಿನಂಥ ಪುಡಿ ತುಂಬಿ ಮನೆಯೊಳಗಿಡುವ ಲಿಟರ್ ಬಾಕ್ಸ್‌ನಲ್ಲಿರುತ್ತದೆ: ಸ್ಪ್ರೇ ಮಾಡುವ ಬೆಕ್ಕು ತನ್ನ ಮಾಮೂಲಿ ಉಚ್ಚೆಗೆ ಬಾಕ್ಸನ್ನೇ ಬಳಸುತ್ತಿರುತ್ತದೆ. ಬಾಕ್ಸ್ ಒಣಗಿದ್ದು, ನೆಲದ ಮೇಲೋ ಹಾಸಿಗೆಯ ಮೇಲೋ ಅಗಲವಾದ ಕೊಚ್ಚೆ ಕಂಡರೆ ಅದು ಬೇರೆಯೇ ಸಮಸ್ಯೆ. ಬಾಕ್ಸ್ ಹಿಡಿಸುತ್ತಿಲ್ಲ ಅಥವಾ ಮೈ ಸರಿಯಿಲ್ಲ ಎಂದರ್ಥ.

ನಮ್ಮ ಬೆಕ್ಕು ಗೋಡೆಗಲ್ಲ, ನನ್ನ ಬ್ಯಾಗಿನ ಮೇಲೆ, ಬೂಟಿನ ಮೇಲೆ ಮಾಡುತ್ತದೆ. ಇದೂ ಗುರುತು ಹಾಕುವುದೇ?

ಇರಬಹುದು. ಕೆಲವು ಬೆಕ್ಕುಗಳು, ಅದರಲ್ಲೂ ಹೆಣ್ಣುಗಳು, ಕೂತುಕೊಂಡೂ ಗುರುತು ಹಾಕುತ್ತವೆ. ಹೊರಗಿನ ವಾಸನೆ ಹೊತ್ತು ಬಂದ ಬ್ಯಾಗು, ಬೂಟು, ಅತಿಥಿಯ ಸೂಟ್‌ಕೇಸು, ಮನೆಯವರೊಬ್ಬರು ಮಲಗುವ ಜಾಗ, ಇಂಥ ಆಯ್ದ ವಸ್ತುಗಳ ಮೇಲೆ ಮಾತ್ರ ಸ್ವಲ್ಪವೇ ಸ್ವಲ್ಪ ಬಿದ್ದಿದ್ದರೆ ಗುರುತು ಎಂದೇ ಅನುಮಾನಿಸಿ. ನನ್ನ ಬ್ಯಾಗಿಗೂ ಆ ಯೋಗ ಕೂಡಿಬಂದಿತ್ತು. ಬೆಳಿಗ್ಗೆ ಮನೆಯಲ್ಲಿ ಏನೂ ಗೊತ್ತಾಗಲಿಲ್ಲ. ಮುಚ್ಚಿದ ಕೋಣೆಯಲ್ಲಿ ಹತ್ತು ಜನರ ನಡುವೆ ಕೂತು ಬ್ಯಾಗಿನ ಜಿಪ್ ಎಳೆದಾಗ ಗೊತ್ತಾಯಿತು.

ಇಷ್ಟಕ್ಕೂ ಯಾಕೆ ಮಾಡುತ್ತದೆ?

ಬೆಕ್ಕು ಬರೆಯುವುದು ವಾಸನೆಯಲ್ಲಿ. ಕೆನ್ನೆಯನ್ನು ಮೇಜಿನ ಮೂಲೆಗೆ ಉಜ್ಜುವುದು, ಸೋಫಾ ಪರಚುವುದು, ಉಚ್ಚೆ ಚಿಮ್ಮಿಸುವುದು ಮೂರೂ ಬರವಣಿಗೆಯೇ. ಕೆನ್ನೆ ಉಜ್ಜಿದರೆ ‘ಇದು ನನ್ನ ಪರಿಚಿತ ಜಾಗ, ಇಲ್ಲಿ ನೆಮ್ಮದಿ’ ಎಂದು. ಪರಚಿದಾಗ ಪಂಜದ ಗ್ರಂಥಿಗಳ ವಾಸನೆಯೂ ಉಗುರಿನ ಗೀರೂ ಎರಡೂ ಉಳಿಯುತ್ತವೆ. ಉಚ್ಚೆಯಲ್ಲಿ ಬರೆದಿರುವುದು ಹೆಚ್ಚು ಖಾಸಗಿ ಸಂಗತಿ: ನಾನು ಯಾರು, ಹೆಣ್ಣೋ ಗಂಡೋ, ಬೆದೆಯಲ್ಲಿದ್ದೇನೋ ಇಲ್ಲವೋ, ಇಲ್ಲಿ ಹಾದುಹೋಗಿ ಎಷ್ಟು ಹೊತ್ತಾಯಿತು.

ಆ ಘಾಟಿಗೂ ಒಂದು ರಸಾಯನಶಾಸ್ತ್ರವಿದೆ. ಬೆಕ್ಕಿನ ಮೂತ್ರದಲ್ಲಿ ಫೆಲಿನಿನ್ ಎಂಬ ಗಂಧಕವುಳ್ಳ ಅಮೈನೋ ಆಮ್ಲ ಇರುವುದು 1950ರ ದಶಕದಲ್ಲೇ ಪತ್ತೆಯಾಯಿತು. ಫೆಲಿನಿನ್‌ಗೆ ತನ್ನದೇ ಗಬ್ಬು ಇಲ್ಲ. ಅದು ನಿಧಾನವಾಗಿ ಒಡೆದು ಹುಟ್ಟುವ ಗಂಧಕದ ಸಂಯುಕ್ತಗಳು ಮೂಗಿಗೆ ಬಡಿಯುತ್ತವೆ. ಹೊಸ ಕಲೆಗಿಂತ ಹಳೆಯ ಕಲೆ ಹೆಚ್ಚು ನಾರುವುದಕ್ಕೆ ಇದೂ ಒಂದು ಕಾರಣ. ಆಪರೇಷನ್ ಆಗದ ಗಂಡುಗಳಲ್ಲಿ ಫೆಲಿನಿನ್ ಅತಿ ಹೆಚ್ಚು, ಹೆಣ್ಣುಗಳಲ್ಲಿ ಸಾಕಷ್ಟು ಕಡಿಮೆ. ಹಾಗಾಗಿ ಹೆಣ್ಣುಬೆಕ್ಕಿನ ಸ್ಪ್ರೇ ಗಂಡಿನದರಷ್ಟು ಕಟುವಾಗಿರುವುದಿಲ್ಲ. ಅದು ಕೆಲವೊಮ್ಮೆ ವಾರಗಟ್ಟಲೆ ಯಾರ ಗಮನಕ್ಕೂ ಬಾರದೆ ಉಳಿಯುವುದೂ ಇದರಿಂದಲೇ.

ಇದನ್ನು ಬೇಲಿ ಎಂದು ತಿಳಿಯಬೇಡಿ. ಒಂದು ಬೆಕ್ಕಿನ ಗುರುತು ಕಂಡು ಇನ್ನೊಂದು ಬೆಕ್ಕು ಹೆದರಿ ಓಡುವುದಿಲ್ಲ. ನಿಂತು ಕೂಲಂಕಷವಾಗಿ ಮೂಸಿ, ಬೇಕಿದ್ದರೆ ತಾನೂ ಒಂದು ಸಾಲು ಸೇರಿಸಿ ಮುಂದೆ ಹೋಗುತ್ತದೆ. ಇದು ಸೂಚನಾ ಫಲಕ. ಮುಖಾಮುಖಿಯಾಗಿ ಕಚ್ಚಾಡುವುದನ್ನು ತಪ್ಪಿಸಿಕೊಳ್ಳಲು ಒಂಟಿ ಬೇಟೆಗಾರ ಪ್ರಾಣಿಗಳು ಕಂಡುಕೊಂಡ ಉಪಾಯ. ಹೆಣ್ಣುಹುಲಿಯೂ ಮರದ ಬೊಡ್ಡೆಗೆ ಬಾಲವೆತ್ತಿ ಹೀಗೇ ಚಿಮ್ಮಿಸುತ್ತದೆ, ಬೆದೆಗೆ ಮುಂಚಿನ ದಿನಗಳಲ್ಲಿ ಇನ್ನೂ ಹೆಚ್ಚಾಗಿ.

ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ ‘ಯಾಕೆ ಮಾಡಿತು’ ಎಂದಲ್ಲ, ‘ಎಲ್ಲಿ ಮಾಡಿತು’ ಎಂದು. ಕಾರಣ ಸಾಮಾನ್ಯವಾಗಿ ಕಲೆಯ ಆಸುಪಾಸಿನಲ್ಲೇ ಇರುತ್ತದೆ.

ಊರಿಗೆ ಹೋಗಿ ಬಂದಿದ್ದಕ್ಕೆ ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿದೆಯಾ?

ಇಲ್ಲ. ಯಜಮಾನರು ಕಾಣದಾದಾಗ ಕಳವಳಗೊಂಡು, ಅವರ ವಾಸನೆಯ ಜೊತೆ ತನ್ನ ವಾಸನೆ ಬೆರೆಸಿ ಧೈರ್ಯ ತಂದುಕೊಳ್ಳುತ್ತದೆ. ನಿಮ್ಮ ದಿಂಬಿನ ಮೇಲೆ ಮಾಡಿದ್ದು ಅವಮಾನವಲ್ಲ, ಹಂಬಲ ಎಂದು ಹೇಳಿದರೆ ರಾತ್ರಿ ಹನ್ನೊಂದಕ್ಕೆ ದಿಂಬಿನ ಕವರ್ ಬದಲಿಸುತ್ತಿರುವವರಿಗೆ ಸಿಟ್ಟೇ ಬರುತ್ತದೆ, ಗೊತ್ತು.

ಬೆದೆಗೂ ಸ್ಪ್ರೇಗೂ ಏನು ಸಂಬಂಧ?

ಆಪರೇಷನ್ ಆಗದ ಹೆಣ್ಣಿನಲ್ಲಿ ನೇರ ಸಂಬಂಧ. ಹಗಲು ಉದ್ದವಾಗುವ ಕಾಲದಲ್ಲಿ ಹೆಣ್ಣುಬೆಕ್ಕುಗಳು ಬೆದೆಗೆ ಬರುತ್ತವೆ. ರಾತ್ರಿಯೂ ದೀಪ ಉರಿಯುವ ಮನೆಯೊಳಗೆ ಇರುವ ಬೆಕ್ಕು ವರ್ಷದ ಯಾವ ಕಾಲದಲ್ಲಾದರೂ ಬರಬಹುದು. ಮೊದಲ ಬೆದೆ ಕೆಲವಕ್ಕೆ ನಾಲ್ಕನೇ ತಿಂಗಳಿಗೇ ಬಂದುಬಿಡುತ್ತದೆ. ‘ಇನ್ನೂ ಮರಿ’ ಎಂದುಕೊಂಡವರು ಮೋಸಹೋಗುವುದು ಇಲ್ಲೇ. ಒಂದು ಬೆದೆ ಹೆಚ್ಚುಕಡಿಮೆ ಒಂದು ವಾರ ಇರುತ್ತದೆ. ಗಂಡಿನ ಜೊತೆ ಕೂಡದಿದ್ದರೆ ಎರಡು ಮೂರು ವಾರಕ್ಕೆ ಮತ್ತೆ ಹಾಜರು. ಬೆಕ್ಕಿಗೆ ಸಾಮಾನ್ಯವಾಗಿ ಕೂಡಿದ ನಂತರವೇ ಅಂಡಾಣು ಬಿಡುಗಡೆಯಾಗುವುದು, ಹಾಗಾಗಿ ಕೂಡದ ಬೆಕ್ಕಿನಲ್ಲಿ ಈ ಚಕ್ರ ಮತ್ತೆ ಮತ್ತೆ ತಿರುಗುತ್ತಲೇ ಇರುತ್ತದೆ.

ಲಕ್ಷಣ ತಿಳಿಯುವುದು ಕಷ್ಟವಲ್ಲ. ರಾತ್ರಿಯಿಡೀ ಎಳೆದೆಳೆದು ಕೂಗುವುದು, ನೆಲದ ಮೇಲೆ ಹೊರಳಾಡುವುದು, ಬೆನ್ನು ಸವರಿದರೆ ಹಿಂಭಾಗ ಎತ್ತಿ ಬಾಲವನ್ನು ಪಕ್ಕಕ್ಕೆ ಸರಿಸುವುದು. ಮೊದಲ ಸಲ ನೋಡಿದವರು ಬೆಕ್ಕಿಗೆ ಏನೋ ನೋವಾಗಿದೆ ಎಂದು ಗಾಬರಿಯಾಗಿ ಆಸ್ಪತ್ರೆಗೆ ಓಡುವುದುಂಟು. ಇದೇ ದಿನಗಳಲ್ಲಿ ಬಾಗಿಲು, ಕಿಟಕಿಗಳ ಹತ್ತಿರ ಸ್ಪ್ರೇ ಕಂಡರೆ ಅದು ಗಂಡುಗಳಿಗೆ ಕಳಿಸಿದ ಕರೆಯೋಲೆ. ಆ ಓಲೆಗೆ ಉತ್ತರವೂ ಬರುತ್ತದೆ. ಎಲ್ಲೆಲ್ಲಿಂದಲೋ ಗಂಡುಬೆಕ್ಕುಗಳು ಬಂದು ನಿಮ್ಮ ಬಾಗಿಲಿಗೆ ಹೊರಗಿನಿಂದ ಸಹಿ ಹಾಕಿ ಹೋಗುತ್ತವೆ.

ಆಪರೇಷನ್ ಮಾಡಿಸಿದರೆ ನಿಲ್ಲುತ್ತದೆಯೇ?

ಬೆದೆಯಿಂದ ಬಂದ ಸ್ಪ್ರೇ ಆದರೆ ಬಹುಪಾಲು ನಿಲ್ಲುತ್ತದೆ. ಅಂಡಾಶಯ ತೆಗೆದ ಮೇಲೆ ಹಾರ್ಮೋನು ಇಳಿಯುತ್ತದೆ, ಬೆದೆ ಹೋಗುತ್ತದೆ, ಕರೆಯೋಲೆಯ ಅಗತ್ಯವೂ ಹೋಗುತ್ತದೆ. ಮೊದಲ ಬೆದೆಗೆ ಮುಂಚೆಯೇ, ಅಂದರೆ ನಾಲ್ಕೈದು ತಿಂಗಳ ಆಸುಪಾಸಿನಲ್ಲಿ ಮಾಡಿಸುವುದು ಒಳ್ಳೆಯದು ಎಂದು ಈಗ ಅನೇಕ ಪಶುವೈದ್ಯರು ಹೇಳುತ್ತಾರೆ. ಇದರಿಂದ ಇನ್ನೊಂದು ಲಾಭವೂ ಇದೆ, ನನ್ನ ಲೆಕ್ಕದಲ್ಲಿ ಅದು ಸ್ಪ್ರೇಗಿಂತ ದೊಡ್ಡದು: ಆರು ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಸ್ತನದ ಕ್ಯಾನ್ಸರ್ ಅಪಾಯ ಸುಮಾರು ಶೇ. 91ರಷ್ಟು ಕಡಿಮೆ ಎಂದು 2005ರ ಅಧ್ಯಯನವೊಂದು ತೋರಿಸಿದೆ. ‘ಒಂದು ಸಲ ಮರಿ ಹಾಕಲಿ, ಆಮೇಲೆ ನೋಡೋಣ’ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ.

ಆದರೆ ಕಳವಳದಿಂದ ಹುಟ್ಟಿದ ಸ್ಪ್ರೇಗೆ ಆಪರೇಷನ್ ಒಂದೇ ಮದ್ದಲ್ಲ. ಕತ್ತರಿ ಹಾರ್ಮೋನಿಗೆ ತಾಗುತ್ತದೆ, ಹೊರಗೆ ಕೂತ ಗಂಡುಬೆಕ್ಕಿಗಲ್ಲ.

ಆಪರೇಷನ್ ಆಗಿ ಮೂರು ವರ್ಷವಾಗಿದೆ. ಈಗ ಇದ್ದಕ್ಕಿದ್ದಂತೆ ಶುರುಮಾಡಿದೆ. ಏನಾಗಿರಬಹುದು?

ಒಂದು ಸಾಧ್ಯತೆ ಅಪರೂಪದ್ದು, ಆದರೂ ತಿಳಿದಿರಬೇಕು. ಆಪರೇಷನ್ ವೇಳೆ ಅಂಡಾಶಯದ ಚೂರೊಂದು ಹೊಟ್ಟೆಯಲ್ಲೇ ಉಳಿದಿದ್ದರೆ ಅದು ಮತ್ತೆ ಹಾರ್ಮೋನು ಸ್ರವಿಸಬಹುದು, ತಿಂಗಳುಗಳ ನಂತರವೂ, ವರ್ಷಗಳ ನಂತರವೂ. ಸ್ಪ್ರೇ ಜೊತೆಗೆ ಕೂಗು, ಹೊರಳಾಟ, ಬಾಲ ಸರಿಸುವುದು, ಎರಡು ಮೂರು ವಾರಕ್ಕೊಮ್ಮೆ ಮರುಕಳಿಸುವುದು ಕಂಡರೆ ಪಶುವೈದ್ಯರಿಗೆ ಹೇಳಿ. ಹಾರ್ಮೋನು ಪರೀಕ್ಷೆಯಿಂದ ಪತ್ತೆ ಮಾಡಬಹುದು, ಉಳಿದ ಚೂರನ್ನು ಇನ್ನೊಂದು ಆಪರೇಷನ್‌ನಲ್ಲಿ ತೆಗೆಯುತ್ತಾರೆ.

ಬೆದೆಯ ಲಕ್ಷಣ ಒಂದೂ ಇಲ್ಲದಿದ್ದರೆ ಮನೆಯ ನಕ್ಷೆ ಬರೆಯಿರಿ. ಇದು ತಮಾಷೆಯಲ್ಲ. ಮಿಂಚು ನಾಲ್ಕನೇ ವಯಸ್ಸಿನಲ್ಲಿ ಶುರುಮಾಡಿದಾಗ ನಾವು ಎರಡು ವಾರ ಅವಳ ಮೇಲೆ ಕಣ್ಣಿಟ್ಟು, ಬೈದು, ಲಿಟರ್ ಬದಲಿಸಿ ಏನೂ ಆಗದೆ ಕೂತಿದ್ದೆವು. ಕೊನೆಗೆ ಒಂದು ಹಾಳೆಯಲ್ಲಿ ಮನೆಯ ಚಿತ್ರ ಗೀಚಿ, ಕಲೆ ಸಿಕ್ಕಲ್ಲೆಲ್ಲ ಚುಕ್ಕೆ ಇಟ್ಟೆ. ಪರದೆಯ ಅಂಚು, ಪಕ್ಕದ ಗೋಡೆ, ಕುರ್ಚಿಯ ಹಿಂಬದಿ, ಆ ಕುರ್ಚಿಗೆ ಒರಗಿಸಿಡುತ್ತಿದ್ದ ನನ್ನ ಬ್ಯಾಗು. ಏಳು ಚುಕ್ಕೆಗಳಲ್ಲಿ ಏಳೂ ಹಿತ್ತಲಿನ ಗಾಜಿನ ಬಾಗಿಲಿಂದ ಎರಡು ಮಾರಿನೊಳಗೆ. ಹಳೆಯ ಫೋನೊಂದನ್ನು ಬಾಗಿಲ ಕಡೆ ತಿರುಗಿಸಿ ರಾತ್ರಿಯಿಡೀ ರೆಕಾರ್ಡ್ ಮಾಡಿದೆವು. ನಸುಕಿನ ನಾಲ್ಕು ಗಂಟೆಗೆ ದಪ್ಪತಲೆಯ ಗಂಡುಬೆಕ್ಕೊಂದು ಬಂದು ಗಾಜಿನಾಚೆ ಕೂತಿತು. ಒಳಗೆ ಮಿಂಚು, ಹೊರಗೆ ಅದು, ನಡುವೆ ಗಾಜು. ಹತ್ತು ನಿಮಿಷ ಇಬ್ಬರೂ ಅಲ್ಲಾಡಲಿಲ್ಲ. ಆಮೇಲೆ ಅದು ಎದ್ದು ತಿರುಗಿ ಗಾಜಿಗೇ ಚಿಮ್ಮಿಸಿ ಹೊರಟುಹೋಯಿತು. ಇವಳು ಪರದೆಯ ಕಡೆ ನಡೆದಳು.

ಮಾಡಿದ್ದು ಇಷ್ಟೇ: ಗಾಜಿನ ಹೊರಬದಿಯನ್ನೂ ಹೊಸ್ತಿಲನ್ನೂ ತೊಳೆದೆವು, ಮೊಣಕಾಲೆತ್ತರದವರೆಗೆ ಮಬ್ಬು ಹಾಳೆ ಅಂಟಿಸಿದೆವು, ಅವಳ ಕೂರುವ ಜಾಗವನ್ನು ಇನ್ನೊಂದು ಕೋಣೆಯ ಎತ್ತರದ ಕಿಟಕಿಗೆ ಸಾಗಿಸಿದೆವು. ಮೂರು ವಾರದಲ್ಲಿ ನಿಂತಿತು. ಆ ಹಾಳೆಯ ಒಂದು ಮೂಲೆ ಕಿತ್ತುಬಂದ ತಿಂಗಳು ಮತ್ತೆ ಒಂದು ಚುಕ್ಕೆ ಬಿತ್ತು, ಸರಿಯಾಗಿ ಆ ಮೂಲೆಯ ಎದುರಿಗೆ.

ಎಲ್ಲರ ಮನೆಯ ಕಥೆ ಇದಲ್ಲ. ಆದರೂ ಸ್ಥೂಲವಾಗಿ ಹೇಳುವುದಾದರೆ, ಚುಕ್ಕೆಗಳು ಹೊರಬಾಗಿಲು, ಕಿಟಕಿಗಳ ಸುತ್ತ ಇದ್ದರೆ ಕಾರಣ ಹೊರಗಿನ ಬೆಕ್ಕು. ಓಣಿ, ಮೆಟ್ಟಿಲು, ಕೋಣೆಯಿಂದ ಕೋಣೆಗೆ ಹೋಗುವ ಬಾಗಿಲುಗಳಲ್ಲಿದ್ದರೆ ಮನೆಯೊಳಗಿನ ಇನ್ನೊಂದು ಬೆಕ್ಕು. ಹೊಸ ಸಾಮಾನು, ಬಟ್ಟೆ, ಹಾಸಿಗೆಯ ಮೇಲಿದ್ದರೆ ಮನೆಯ ಜನರಲ್ಲಿ ಅಥವಾ ದಿನಚರಿಯಲ್ಲಿ ಆದ ಬದಲಾವಣೆ.

ರೋಗ ಇರಬಹುದೇ? ಯಾವಾಗ ಪಶುವೈದ್ಯರ ಹತ್ತಿರ ಹೋಗಬೇಕು?

ಹೊಸದಾಗಿ ಶುರುವಾದ ಯಾವುದೇ ಉಚ್ಚೆ ಸಮಸ್ಯೆಗೆ ಒಮ್ಮೆ ಮೂತ್ರ ಪರೀಕ್ಷೆ ಮಾಡಿಸಿ. ‘ನಿಂತು ಮಾಡಿತು, ಹಾಗಾಗಿ ಇದು ಬರೀ ನಡವಳಿಕೆ’ ಎಂದು ಮನೆಯಲ್ಲೇ ತೀರ್ಪು ಕೊಡಬೇಡಿ. ನೋವಿರುವ ಬೆಕ್ಕು ಕೂರಲಾರದೆ ನಿಂತೂ ಹೊಯ್ಯಬಹುದು.

ಪದೇ ಪದೇ ಬಾಕ್ಸಿಗೆ ಹೋಗಿ ಹನಿ ಹನಿಯಾಗಿ ಹೊಯ್ಯುವುದು, ತಿಣುಕುವುದು, ಆಗ ಕೂಗುವುದು, ಉಚ್ಚೆಯಲ್ಲಿ ಕೆಂಪು, ಆ ಜಾಗವನ್ನು ಬಿಡದೆ ನೆಕ್ಕುವುದು ಇದ್ದರೆ ಅದೇ ದಿನ ತೋರಿಸಿ. ಹೆಣ್ಣುಬೆಕ್ಕಿನ ಮೂತ್ರನಾಳ ಗಿಡ್ಡ ಮತ್ತು ಅಗಲ, ಹಾಗಾಗಿ ಗಂಡಿನಲ್ಲಿ ಆಗುವಂತೆ ಪೂರ್ತಿ ಕಟ್ಟಿಕೊಳ್ಳುವುದು ವಿರಳ. ವಿರಳವೇ ಹೊರತು ಅಸಾಧ್ಯವಲ್ಲ. ಉಚ್ಚೆ ಒಂದು ಹನಿಯೂ ಬರುತ್ತಿಲ್ಲ ಎಂದರೆ ಬೆಳಗಾಗುವವರೆಗೆ ಕಾಯುವಂತಿಲ್ಲ.

ಚಿಕ್ಕ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಹೆಚ್ಚಾಗಿ ಕಾಣುವುದು ಸೋಂಕೇ ಇಲ್ಲದ ಮೂತ್ರಕೋಶದ ಉರಿಯೂತ. ಇದಕ್ಕೂ ಮಾನಸಿಕ ಒತ್ತಡಕ್ಕೂ ಗಟ್ಟಿಯಾದ ನಂಟಿದೆ. ಹಾಗಾಗಿ ಸ್ಪ್ರೇ ಮತ್ತು ಉರಿಯೂತ ಒಂದೇ ಬೆಕ್ಕಿನಲ್ಲಿ ಒಟ್ಟಿಗೆ ಸಿಗಬಹುದು, ಒಂದೇ ಕಾರಣಕ್ಕೆ. ಮೂತ್ರಕೋಶದ ಕಲ್ಲು ಯಾವ ವಯಸ್ಸಿಗೂ ಬರಬಹುದು. ವಯಸ್ಸಾದ ಹೆಣ್ಣುಬೆಕ್ಕಾದರೆ ಬ್ಯಾಕ್ಟೀರಿಯಾ ಸೋಂಕು, ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಥೈರಾಯ್ಡ್, ಬಾಕ್ಸಿನ ಅಂಚು ಹತ್ತಲಾಗದ ಕೀಲುನೋವು, ಎಲ್ಲವನ್ನೂ ನೋಡಬೇಕಾಗುತ್ತದೆ.

ಮನೆಯಲ್ಲಿ ಮೂರು ಬೆಕ್ಕಿವೆ. ಮಾಡುತ್ತಿರುವುದು ಯಾವುದು?

ಕ್ಯಾಮೆರಾ ಇಡಿ. ಅದು ಆಗದಿದ್ದರೆ ಪಶುವೈದ್ಯರು ಫ್ಲೋರೆಸೀನ್ ಎಂಬ ಬಣ್ಣವನ್ನು ಒಂದು ಬೆಕ್ಕಿಗೆ ಕೊಡಬಹುದು, ಒಂದೆರಡು ದಿನ ಅದರ ಉಚ್ಚೆ ನೇರಳಾತೀತ ಟಾರ್ಚಿನಡಿ ಎದ್ದುಕಾಣುವಂತೆ ಹೊಳೆಯುತ್ತದೆ. ಊಹೆಯ ಮೇಲೆ ಯಾರನ್ನೂ ಕೋಣೆಯಲ್ಲಿ ಕೂಡಿಹಾಕಬೇಡಿ. ಕಲೆಯ ಹತ್ತಿರ ಕಂಡ ಬೆಕ್ಕು ಬರೀ ಓದಲು ಬಂದದ್ದೂ ಇರಬಹುದು. ಹಾಗೆಯೇ ಸ್ಪ್ರೇ ಮಾಡುವುದು ಒಂದೇ ಆಗಿರಬೇಕೆಂದೂ ಇಲ್ಲ.

ಆದರೆ ನಮ್ಮ ಬೆಕ್ಕುಗಳು ಜಗಳವನ್ನೇ ಆಡುವುದಿಲ್ಲವಲ್ಲ?

ಬೆಕ್ಕಿನ ಜಗಳ ಬಹುಪಾಲು ಸದ್ದಿಲ್ಲದ್ದು. ಒಂದು ಓಣಿಯ ನಡುವೆ ಅಡ್ಡ ಮಲಗುತ್ತದೆ, ಇನ್ನೊಂದು ಲಿಟರ್ ಬಾಕ್ಸಿಗೆ ಹೋಗಬೇಕೆಂದು ಬಂದು, ಅದನ್ನು ನೋಡಿ, ಏನೂ ಆಗದವರಂತೆ ಹಿಂತಿರುಗುತ್ತದೆ. ನಮಗೆ ಕಾಣುವುದು ಸೋಮಾರಿ ಬೆಕ್ಕು, ಅಲ್ಲಿ ನಡೆದದ್ದು ದಾರಿತಡೆ. ಊಟದ ತಟ್ಟೆಗಳ ಮುಂದೆ ಒಟ್ಟಿಗೆ ನಿಲ್ಲುವುದನ್ನು ಸ್ನೇಹ ಎಂದುಕೊಳ್ಳಬೇಡಿ. ಹಸಿವು ಯಾರನ್ನೂ ಪಕ್ಕಪಕ್ಕ ನಿಲ್ಲಿಸುತ್ತದೆ. ಒಂದನ್ನೊಂದು ನೆಕ್ಕುತ್ತವೆಯೇ, ಮೈಗೆ ಮೈ ತಾಗಿಸಿ ಮಲಗುತ್ತವೆಯೇ, ಬಾಲವೆತ್ತಿ ಎದುರುಗೊಳ್ಳುತ್ತವೆಯೇ, ಅದನ್ನು ನೋಡಿ.

ಬೀದಿಯಲ್ಲಿ ಸ್ವತಂತ್ರವಾಗಿ ಬದುಕುವ ಹೆಣ್ಣುಬೆಕ್ಕುಗಳು ತಾಯಿ, ಮಗಳು, ಅಕ್ಕತಂಗಿಯರೆಂದು ಗುಂಪು ಕಟ್ಟಿಕೊಂಡು ಬದುಕಬಲ್ಲವು, ಒಬ್ಬರ ಮರಿಗೆ ಇನ್ನೊಬ್ಬರು ಹಾಲೂಡಿಸುವುದುಂಟು. ಆದರೆ ಹೊರಗಿನ ಅಪರಿಚಿತ ಹೆಣ್ಣನ್ನು ಆ ಗುಂಪು ಸುಲಭಕ್ಕೆ ಸೇರಿಸಿಕೊಳ್ಳುವುದಿಲ್ಲ. ನಾವು ‘ಜೊತೆಗಿರಲಿ’ ಎಂದು ಇನ್ನೊಂದು ದೊಡ್ಡ ಹೆಣ್ಣುಬೆಕ್ಕನ್ನು ತಂದು ಹಾಲ್‌ನಲ್ಲಿ ಬಿಟ್ಟಾಗ ಮಾಡುವುದು ಸರಿಯಾಗಿ ಇದನ್ನೇ. ಹೊಸ ಬೆಕ್ಕನ್ನು ಮೊದಲು ಬೇರೆ ಕೋಣೆಯಲ್ಲಿಟ್ಟು, ಬಟ್ಟೆಯ ಮೂಲಕ ವಾಸನೆ ಪರಿಚಯಿಸಿ, ಬಾಗಿಲ ಎರಡು ಬದಿ ಊಟ ಹಾಕಿ, ವಾರಗಟ್ಟಲೆ ತಾಳ್ಮೆಯಿಂದ ಮುಂದುವರಿಯಬೇಕು. ಈಗಾಗಲೇ ಕೆಟ್ಟಿದ್ದರೆ ಮತ್ತೆ ಬೇರ್ಪಡಿಸಿ ಮೊದಲಿಂದ ಶುರುಮಾಡಿ.

ಸ್ಪ್ರೇಗೂ ಲಿಟರ್ ಬಾಕ್ಸಿಗೂ ಸಂಬಂಧವಿಲ್ಲ ಎಂದ ಮೇಲೆ ಬಾಕ್ಸ್ ಬಗ್ಗೆ ಯಾಕೆ ತಲೆಕೆಡಿಸಿಕೊಳ್ಳಬೇಕು?

ಸಂಬಂಧವಿಲ್ಲ ಎಂದಲ್ಲ, ನೇರ ಸಂಬಂಧವಿಲ್ಲ. ಬಾಕ್ಸನ್ನು ದಿನವೂ ಗೋರಿ ಸ್ವಚ್ಛ ಮಾಡಿ, ಸಂಖ್ಯೆ ಹೆಚ್ಚಿಸಿ, ಹಳೆಯ ಕಲೆಗಳನ್ನು ತೊಳೆದಾಗ ಗುರುತು ಹಾಕುವುದೂ ತಗ್ಗಿದ್ದು, ಅದರಲ್ಲೂ ಹೆಣ್ಣುಗಳಲ್ಲಿ ಹೆಚ್ಚು ತಗ್ಗಿದ್ದು ಅಧ್ಯಯನದಲ್ಲಿ ಕಂಡಿದೆ. ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು ಬಾಕ್ಸ್ ಇರಲಿ. ಎಲ್ಲವನ್ನೂ ಒಂದೇ ಮೂಲೆಯಲ್ಲಿ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ ಬಾಕ್ಸು, ಅಡ್ಡ ಮಲಗುವ ಬೆಕ್ಕಿಗೆ ಕಾವಲು ಕಾಯಲು ಸಲೀಸು. ಬಾಕ್ಸಿನ ಉದ್ದ, ಬೆಕ್ಕಿನ ಉದ್ದದ ಒಂದೂವರೆ ಪಟ್ಟಾದರೂ ಇರಬೇಕು. ಪರಿಮಳ ಬೆರೆಸಿದ ಲಿಟರ್ ನಮ್ಮ ಮೂಗಿಗೆ ಮಾಡಿದ್ದು, ಅದನ್ನು ಬಿಡಿ.

ಹೊಸ ಮಗು, ಹೊಸ ಮನೆ, ಹೊಸ ಸೋಫಾ ಬಂದ ಮೇಲೆ ಶುರುವಾಯಿತು.

ಮನೆಯ ವಾಸನೆ ಒಮ್ಮೆಲೇ ಬದಲಾಗಿದೆ. ಹೊಸ ಸಾಮಾನಿನ ಮೇಲೆ ಅದು ಮಲಗಿದ ಹಳೆಯ ಹೊದಿಕೆ ಹಾಸಿ. ಮೆತ್ತನೆಯ ಬಟ್ಟೆಯಿಂದ ಅದರ ಕೆನ್ನೆ ಸವರಿ, ಆ ಬಟ್ಟೆಯನ್ನು ಸೋಫಾದ ಮೂಲೆಗಳಿಗೆ ಉಜ್ಜಿ. ಊಟದ, ಆಟದ ಹೊತ್ತು ತಪ್ಪದಂತೆ ನೋಡಿಕೊಳ್ಳಿ. ಮನೆ ಬದಲಿಸಿದ್ದರೆ ಮೊದಲ ದಿನಗಳು ಒಂದೇ ಕೋಣೆ ಸಾಕು, ಇಡೀ ಮನೆಯನ್ನು ಒಂದೇ ದಿನ ಓದಿ ಮುಗಿಸುವ ಒತ್ತಡ ಬೇಡ.

ಕಲೆ ಮತ್ತು ವಾಸನೆ ತೆಗೆಯುವುದು ಹೇಗೆ? ಎಷ್ಟು ತೊಳೆದರೂ ಅಲ್ಲೇ ಮತ್ತೆ ಮಾಡುತ್ತದೆ.

ನಮ್ಮ ಮೂಗಿಗೆ ಹೋದದ್ದು ಅದರ ಮೂಗಿಗೆ ಹೋಗಿರುವುದಿಲ್ಲ. ಗುರುತು ಮಾಸಿದ ಹಾಗೆ ಅದನ್ನು ಮತ್ತೆ ತೀಡುವುದು ಬೆಕ್ಕಿನ ಸ್ವಭಾವ, ಹಾಗಾಗಿ ಅರ್ಧಂಬರ್ಧ ತೊಳೆಯುವುದೇ ಎಲ್ಲಕ್ಕಿಂತ ಕೆಟ್ಟದ್ದು.

ಮೊದಲು ಯಾವುದು ಬೇಡ ಎಂದು ಹೇಳಿಬಿಡುತ್ತೇನೆ. ಅಮೋನಿಯಾ ಇರುವ ಕ್ಲೀನರ್ ಬೇಡ, ಬೆಕ್ಕಿಗೆ ಅದೂ ಉಚ್ಚೆಯಂತೆಯೇ ನಾರುತ್ತದೆ. ಬ್ಲೀಚ್ ಬೇಡ, ಉಚ್ಚೆಯ ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲ ಏಳಬಹುದು. ಫಿನೈಲ್ ಬೇಡವೇ ಬೇಡ. ಫೀನಾಲ್ ಜಾತಿಯ ವಸ್ತುಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರಾ ಕಡಿಮೆ. ಒದ್ದೆ ನೆಲದ ಮೇಲೆ ನಡೆದು ಪಂಜ ನೆಕ್ಕಿದರೆ ಹೊಟ್ಟೆಗೆ ಹೋಯಿತೆಂದೇ ಲೆಕ್ಕ. ಬೆಕ್ಕು ಹತ್ತಿರ ಬಾರದಿರಲಿ ಎಂದು ಟೀ ಟ್ರೀ, ಕಿತ್ತಳೆ, ನಿಂಬೆಯ ಸುಗಂಧ ತೈಲ ಸುರಿಯುವವರಿದ್ದಾರೆ. ಅವೂ ಬೆಕ್ಕಿಗೆ ವಿಷ.

ಕತ್ತಲಾದ ಮೇಲೆ ನೇರಳಾತೀತ ಟಾರ್ಚ್ ಹಿಡಿದು ಮಂಡಿಯೂರಿ ಹುಡುಕಿ. ಹಳೆಯ ಕಲೆಗಳೂ ಮಬ್ಬು ಹಳದಿಹಸಿರಾಗಿ ಹೊಳೆಯುತ್ತವೆ. ಹುಡುಕುವಾಗ ಬೇರೆ ಏನೇನೋ ಹೊಳೆದು ಮನೆಯ ಸ್ವಚ್ಛತೆಯ ಬಗ್ಗೆ ಇರುವ ಅಭಿಮಾನಕ್ಕೆ ಪೆಟ್ಟು ಬೀಳುತ್ತದೆ, ಸಿದ್ಧರಾಗಿರಿ. ಸಿಕ್ಕ ಕಲೆಗೆ ಸೀಮೆಸುಣ್ಣದಲ್ಲಿ ಗುರುತು ಮಾಡಿ. ಹಸಿಯಿದ್ದರೆ ಒತ್ತಿ ಹೀರಿಸಿ, ಉಜ್ಜಬೇಡಿ. ಆಮೇಲೆ ಸಾಕುಪ್ರಾಣಿಗಳ ಕಲೆಗೆಂದೇ ಬರುವ ಎನ್‌ಜೈಮ್ ದ್ರಾವಣ, ಅದು ಸಿಗದಿದ್ದರೆ ಎನ್‌ಜೈಮ್ ಇರುವ ಬಟ್ಟೆ ಸೋಪಿನ ಪುಡಿಯನ್ನು ಹತ್ತರಲ್ಲಿ ಒಂದು ಪಾಲು ಆಗುವಂತೆ ಉಗುರುಬೆಚ್ಚಗಿನ ನೀರಲ್ಲಿ ಕದಡಿ ಹಚ್ಚಿ. ಕಲೆಗಿಂತ ಒಂದು ಗೇಣು ಅಗಲವಾಗಿಯೇ ಹಚ್ಚಿ. ಇಲ್ಲಿ ಆತುರ ಮಾಡುವವರೇ ಹೆಚ್ಚು: ಎನ್‌ಜೈಮ್ ಕೆಲಸ ಮಾಡಲು ಹೊತ್ತು ಬೇಕು, ಹಚ್ಚಿ ಒರೆಸಿದರೆ ದುಡ್ಡು ದಂಡ. ಹದಿನೈದು ನಿಮಿಷವಾದರೂ ಒದ್ದೆಯಾಗಿರಲಿ, ಬಟ್ಟೆ ಮತ್ತು ಸೋಫಾದಲ್ಲಿ ಇನ್ನೂ ಹೆಚ್ಚು. ನೀರಲ್ಲಿ ಚೆನ್ನಾಗಿ ತೆಗೆದು ಗಾಳಿಗೆ ಒಣಗಿಸಿ. ಕುದಿಯುವ ನೀರು, ಸ್ಟೀಮ್ ಬೇಡ.

ಒಣಗಿದ ಜಾಗವನ್ನು ಖಾಲಿ ಬಿಡಬೇಡಿ. ಅಲ್ಲೊಂದು ಪರಚುವ ಕಂಬವೋ, ಊಟದ ತಟ್ಟೆಯೋ, ಹಾಸಿಗೆಯೋ ಬರಲಿ.

ಹಿಡಿದು ಬೈದರೆ, ಮೂಗು ಕಲೆಗೆ ಒತ್ತಿದರೆ ಕಲಿಯುವುದಿಲ್ಲವೇ?

ಕಲಿಯುತ್ತದೆ. ನೀವು ಮನೆಯಲ್ಲಿದ್ದಾಗ ಮಾಡಬಾರದು ಎಂದು, ನಿಮ್ಮನ್ನು ನಂಬಬಾರದು ಎಂದು. ಕಳವಳಕ್ಕೆ ಇನ್ನೊಂದು ಕಾರಣ ಸೇರಿ ಸ್ಪ್ರೇ ಹೆಚ್ಚುತ್ತದೆ.

ಫೆರೊಮೋನ್ ಡಿಫ್ಯೂಸರ್ ಉಪಯೋಗವೇ?

ಬೆಕ್ಕಿನ ಕೆನ್ನೆಯ ಸ್ರಾವದಲ್ಲಿರುವ ನೆಮ್ಮದಿಯ ಸಂಕೇತವನ್ನು ನಕಲು ಮಾಡಿ ತಯಾರಿಸಿದ ದ್ರವವನ್ನು, ಪ್ಲಗ್ಗಿಗೆ ಸಿಕ್ಕಿಸಿದಾಗ ಕೋಣೆಯ ಗಾಳಿಗೆ ಹರಡುವ ಸಾಧನ ಇದು, 1990ರ ದಶಕದಿಂದ ಬಳಕೆಯಲ್ಲಿದೆ. ಕೆಲವು ಬೆಕ್ಕುಗಳಲ್ಲಿ ಸ್ಪ್ರೇ ಕಡಿಮೆಯಾಗುತ್ತದೆ, ಕೆಲವಕ್ಕೆ ಗೊತ್ತೂ ಆಗುವುದಿಲ್ಲ. ಅಪಾಯವಿಲ್ಲ, ಹಾಗಾಗಿ ಒಂದು ತಿಂಗಳು ನೋಡಬಹುದು. ಸೋಫಾದ ಹಿಂದೆ, ಪರದೆಯ ಕೆಳಗೆ ಸಿಕ್ಕಿಸಬೇಡಿ. ಇದನ್ನು ಹಾಕಿ ಉಳಿದದ್ದನ್ನು ಮರೆತರೆ ಮಾತ್ರ ಏನೂ ಆಗದು. ಗಾಜಿನಾಚೆಯ ಗಂಡುಬೆಕ್ಕಿಗೆ ಇದರ ಹಂಗಿಲ್ಲ.

ಔಷಧಿ ಇದೆಯೇ?

ಇದೆ. ಕಾರಣ ಹುಡುಕಿ, ಮನೆ ಸರಿಪಡಿಸಿ, ಆದರೂ ನಿಲ್ಲದಿದ್ದಾಗ ಪಶುವೈದ್ಯರು ಕಳವಳ ತಗ್ಗಿಸುವ ಫ್ಲುಆಕ್ಸೆಟಿನ್ ಅಥವಾ ಕ್ಲೋಮಿಪ್ರಮಿನ್ ಎಂಬ ಔಷಧಿ ಕೊಡುತ್ತಾರೆ. ಎರಡೂ ಸ್ಪ್ರೇ ತಗ್ಗಿಸುವಲ್ಲಿ ಒಳ್ಳೆಯ ಫಲಿತಾಂಶ ತೋರಿಸಿವೆ. ಪರಿಣಾಮ ಕಾಣಲು ಕೆಲವು ವಾರ ಬೇಕು, ಮೊದಲು ರಕ್ತಪರೀಕ್ಷೆ ಬೇಕು, ಒಮ್ಮೆಲೇ ನಿಲ್ಲಿಸುವಂತಿಲ್ಲ. ಹಸಿವು ಕಡಿಮೆಯಾಗುವುದು, ಮಂಕಾಗಿರುವುದು ಕಂಡರೆ ತಿಳಿಸಿ. ಹಿಂದೆ ಪ್ರೊಜೆಸ್ಟಿನ್ ಜಾತಿಯ ಹಾರ್ಮೋನು ಕೊಡುತ್ತಿದ್ದರು. ಸಕ್ಕರೆ ಕಾಯಿಲೆ, ಸ್ತನದ ಗಡ್ಡೆಯಂಥ ಅಡ್ಡಪರಿಣಾಮಗಳಿಂದ ಅದನ್ನು ಈಗ ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ ಮುರಿದು ಕೊಡುವ ಸಾಹಸ ಬೇಡ. ಒಂದು ಪ್ಯಾರಾಸಿಟಮಾಲ್ ಮಾತ್ರೆ ಸಾಕು ಬೆಕ್ಕಿನ ಪ್ರಾಣ ತೆಗೆಯಲು.

ಎಷ್ಟು ದಿನದಲ್ಲಿ ನಿಲ್ಲುತ್ತದೆ?

ಬೆದೆಯ ಸ್ಪ್ರೇ ಆಪರೇಷನ್ ಆದ ಕೆಲವು ವಾರಗಳಲ್ಲಿ ತಗ್ಗುತ್ತದೆ. ಉಳಿದದ್ದಕ್ಕೆ ತಿಂಗಳುಗಳ ಲೆಕ್ಕ ಇಟ್ಟುಕೊಳ್ಳಿ. ಕ್ಯಾಲೆಂಡರಿನಲ್ಲಿ ಪ್ರತಿ ಸ್ಪ್ರೇಗೂ ಒಂದು ಗೀಟು ಹಾಕಿ. ವಾರಕ್ಕೆ ಒಂಬತ್ತಿದ್ದದ್ದು ನಾಲ್ಕಕ್ಕೆ ಇಳಿದರೆ ಅದು ಗೆಲುವೇ, ಆದರೆ ಗೀಟು ಇಲ್ಲದಿದ್ದರೆ ನಿಮಗೆ ನೆನಪಿರುವುದು ಇವತ್ತು ಬೆಳಿಗ್ಗೆ ಕಂಡ ಒಂದು ಕಲೆ ಮಾತ್ರ. ನಮ್ಮ ಕ್ಯಾಲೆಂಡರಿನಲ್ಲಿ ಈಗ ಎಂಟು ತಿಂಗಳಿಂದ ಗೀಟಿಲ್ಲ. ಗಾಜಿನ ಹಾಳೆಯ ಮೂಲೆ ಮಾತ್ರ ಮತ್ತೆ ಸಡಿಲವಾಗುತ್ತಿದೆ, ಈ ಭಾನುವಾರ ಅಂಟಿಸಬೇಕು.